ಮೂರನೆಯ ಪೆಟ್ಟಿಗೆಯ ಜಾಗ

"ಕೇಳ್ರಪ್ಪೋ ಕೇಳ್ರಿ. ರಾಜಕುಮಾರಿಯವರ ಎರಡು ಪುಟ್ಟ ಸ್ಪೀಕರಿಗೆ ತಕ್ಕ ಜೊತೆಗಾರನ್ನ ಆರಿಸಬೇಕು, ಅವರ ಮೂರು ಒಗಟು ಒಡೀಬೇಕು. ಒಡೆದಾವಗ ರಾಜಕುಮಾರಿ, ಅರ್ಧ ರಾಜ್ಯ. ತಪ್ಪಿದಾವನ ತಲಿ ಹುಣ್ಣಿಮಿಗೆ ಹಾರ್ತೈತಿ."

ಕಲ್ಲೂರಗಡದ ಬೀದಿಬೀದಿಯಲ್ಲಿ ಹೀಗೆ ಡಂಗುರ ಸಾರಿದರು. ರಾಜರ ಕಾಲದಲ್ಲಿ ಸ್ಪೀಕರ್ ಎಲ್ಲಿಂದ ಬಂತು ಎಂದು ಕೇಳಬೇಡಿ. ಕತೆಯಲ್ಲಿ ರಾಜನೂ ಇರುತ್ತಾನೆ, ಕರೆಂಟೂ ಇರುತ್ತದೆ. ನಮ್ಮೂರಲ್ಲಿ ಎರಡೂ ಇಲ್ಲ, ಅದಕ್ಕೇ ಕತೆ ಹೇಳುವುದು.

ರಾಜಕುಮಾರಿ ಮಲ್ಲಾಂಬೆಗೆ ಗಂಡನ ಅವಸರವೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಸದ್ದು. ಅವಳ ತಾಯಿ ಒಕ್ಕಲು ಮನೆಯಿಂದ ಬಂದ ರಾಣಿ. ಆಳುಕಾಳು ಎಷ್ಟಿದ್ದರೂ ಜೋಳ ತಾನೇ ಬೀಸುತ್ತಿದ್ದಳು, ಬೀಸುತ್ತ ಹಾಡುತ್ತಿದ್ದಳು. ಪಕ್ಕದಲ್ಲಿ ಕೌದಿಯ ಮೇಲೆ ಮಲಗಿದ ಮಗುವಿಗೆ ಹಾಡಿಗಿಂತ ಮೊದಲು ಬೀಸುವ ಕಲ್ಲಿನ ಗುಡುಗುಡು ನೆಲದಿಂದ ಎದೆಗೆ ಬರುತ್ತಿತ್ತು. ರಾಣಿ ತೀರಿಕೊಂಡ ಮೇಲೆ ಉಳಿದದ್ದು ಆ ಹಾಡಿನ ಒಂದು ಟೇಪು, ಮತ್ತು ಅವಳೇ ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದ ಎರಡು ಪುಟ್ಟ ಸ್ಪೀಕರು. ಅವುಗಳಲ್ಲಿ ಹಾಡು ಬರುತ್ತಿತ್ತು, ಬಳೆಯ ಸದ್ದೂ ಬರುತ್ತಿತ್ತು, ಕಲ್ಲು ಮಾತ್ರ ಬರುತ್ತಿರಲಿಲ್ಲ. ಅಷ್ಟು ಚಿಕ್ಕ ಬಾಯಿಗೆ ಅಷ್ಟು ದಪ್ಪ ಸದ್ದು ಹಿಡಿಸುವುದಿಲ್ಲ. ಕಲ್ಲಿಲ್ಲದ ಹಾಡು ಕೇಳಿದಾಗಲೆಲ್ಲ ತಾಯಿ ಪರಸ್ಥಳದಲ್ಲಿ ನಿಂತು ಹಾಡಿದಂತಾಗಿ ಮಲ್ಲಾಂಬೆಗೆ ಸಂಕಟವಾಗುತ್ತಿತ್ತು. ದಪ್ಪ ಸದ್ದಿಗೆಂದೇ ಮಾಡಿದ ಸಬ್‌ವೂಫರ್ ಎಂಬ ಪೆಟ್ಟಿಗೆ ಜೊತೆಗಿಡಿ ಎಂದು ಬಲ್ಲವರು ಹೇಳಿದರು. ಅವಳು ಹತ್ತಾರು ತರಿಸಿ ಇಟ್ಟು ನೋಡಿ ಸೋತಳು. ಆ ಸೋಲಿನಿಂದಲೇ ಒಗಟುಗಳು ಹುಟ್ಟಿದವು.

ತಲೆ ತೆಗೆಯುವ ಶರತ್ತು ಮಾತ್ರ ತಂದೆ ವೀರಭೂಪನದು. ಮಗಳು ಎಷ್ಟು ಬೇಡಿಕೊಂಡರೂ ಆತ ಜಗ್ಗಲಿಲ್ಲ. ಟೇಪು ಹಚ್ಚಿದಾಗಲೆಲ್ಲ ಎದ್ದು ಹೋಗುವುದು ಆತನ ರೂಢಿ. ಅಪ್ಪನಿಗೆ ಅವ್ವನ ಬೀಸುವ ಕಲ್ಲೆಂದರೆ ನಾಚಿಕೆ ಎಂದೇ ಅವಳು ತಿಳಿದಿದ್ದಳು.

ಮೊದಲ ಒಗಟು ಹೀಗಿತ್ತು. ಇಬ್ಬರು ತಮ್ಮಂದಿರ ಜೊತೆ ಅಣ್ಣನೂ ಹಾಡುತ್ತಾನೆ. ಹಾಡುವಾಗ ಜನ ತಮ್ಮಂದಿರನ್ನೇ ಹೊಗಳಬೇಕು, ಅಣ್ಣ ಬಾಯಿ ಮುಚ್ಚಿದಾಗ ಅವನಿದ್ದದ್ದು ತಿಳಿಯಬೇಕು. ಈ ಪೆಟ್ಟಿಗೆಗಳಲ್ಲಿ ಅಂಥ ಅಣ್ಣ ಯಾರು?

ಪಕ್ಕದ ಸೀಮೆಯ ರಾಜಕುಮಾರ ಮೀಸೆ ತಿರುವಿ, ಅಲಮಾರಿಯಷ್ಟು ದೊಡ್ಡದನ್ನು ತೋರಿಸಿದ. ಅದು ಬಾಯಿ ತೆರೆದದ್ದೇ ಕಿಟಕಿಗಳು ನಡುಗಿದವು, ರಾಣಿಯ ಹಾಡು ಎತ್ತ ಹೋಯಿತೋ ತಿಳಿಯಲಿಲ್ಲ. ರಾಜಕುಮಾರ ಸೆರೆಮನೆಗೆ ನಡೆದ. ಸಾಹುಕಾರನ ಮಗನೊಬ್ಬ ಮೊದಲನೆಯದನ್ನು ಹೇಗೋ ದಾಟಿ ಎರಡನೆಯದರಲ್ಲಿ ಮುಗ್ಗರಿಸಿದ. ತಮ್ಮಂದಿರು ಹೊತ್ತ ಹೊರೆಯನ್ನು ಅಣ್ಣ ಎಲ್ಲಿ ಇಸಿದುಕೊಳ್ಳಬೇಕು ಎಂಬುದು ಆ ಒಗಟು. ಮೊದಲಿಗೇ ಇಸಿದುಕೊಳ್ಳಲಿ ಎಂದು ಆತ, ಎಷ್ಟು ದಪ್ಪ ಸದ್ದಿನಿಂದ ಪೆಟ್ಟಿಗೆ ಹಾಡಬೇಕೆಂದು ಗೊತ್ತುಮಾಡುವ ಅದರ ತಿರುಗಣೆಯನ್ನು ಪೂರಾ ತಿರುಗಿಸಿದ. ರಾಣಿಯ ದನಿ ಗಂಡಸಿನದಾಯಿತು. ಅವನೂ ಸೆರೆಮನೆ ಸೇರಿದ. ಹುಣ್ಣಿಮೆ ಹತ್ತಿರ ಬಂದಂತೆ ಮಲ್ಲಾಂಬೆಗೆ ಊಟ ಸೇರದಾಯಿತು. ಒಂದು ಸದ್ದಿನ ಆಸೆಗೆ ಎರಡು ಜೀವ ಹೋಗುತ್ತವಲ್ಲ ಎಂದು ಅತ್ತಳು.

ಆಗ ಬಂದವನು ಭರಮಪ್ಪ, ಗೀಗೀ ಮೇಳದಲ್ಲಿ ಹಿಂದೆ ನಿಂತು ದನಿ ಕೂಡಿಸುವ ಹುಡುಗ. ಅವನು ಒಂದೊಂದೇ ಪೆಟ್ಟಿಗೆ ಹಚ್ಚಿದ, ಒಂದೊಂದೇ ಬಂದ್ ಮಾಡಿದ. ಬಂದ್ ಮಾಡುವಾಗ ಪೆಟ್ಟಿಗೆಯ ಕಡೆ ನೋಡಲಿಲ್ಲ, ರಾಜಕುಮಾರಿಯ ಮುಖ ನೋಡಿದ. ಸಾದಾ ಕರಿ ಪೆಟ್ಟಿಗೆಯೊಂದನ್ನು ಬಂದ್ ಮಾಡಿದಾಗ ಅವಳ ಮುಖ ಬಾಡಿತು. "ಇಂವ," ಎಂದ. ಎರಡನೆಯದಕ್ಕೆ, ತಮ್ಮಂದಿರ ಕಾಲು ನಡುಗುವ ಜಾಗದಲ್ಲಿ ಇಸಿದುಕೊಳ್ಳಬೇಕು, ಅದಕ್ಕಿಂತ ಮೊದಲೂ ಅಲ್ಲ ಆಮೇಲೂ ಅಲ್ಲ ಎಂದು ಹೇಳಿ, ರಾಣಿಯ ದನಿ ಕೆಡದ ಹಾಗೆ ತಿರುಗಣೆಯನ್ನು ಮೆಲ್ಲಗೆ ಹಿಂದಕ್ಕೆ ತಂದು ನಿಲ್ಲಿಸಿದ.

ಮೂರನೆಯ ಒಗಟು ಚಿಕ್ಕದು, ಅಣ್ಣನ ಜಾಗ ಯಾವುದು ಎಂದಷ್ಟೇ. ಅದರ ಉತ್ತರ ಮಲ್ಲಾಂಬೆಗೂ ಗೊತ್ತಿರಲಿಲ್ಲ. ಎಲ್ಲಿ ಇಟ್ಟರೂ ಅವಳು ಕೂರುವ ತೂಗುಮಂಚಕ್ಕೆ ಕಲ್ಲಿನ ಸದ್ದು ಒಂದೋ ಮೈಮೇಲೆ ಬೀಳುತ್ತಿತ್ತು, ಇಲ್ಲವೇ ಮಾಯವಾಗುತ್ತಿತ್ತು.

"ಮೊದಲ ಈ ಅಣ್ಣನ್ನ ನಿಮ್ಮ ಜಾಗದಾಗ ಕೂಡ್ರಸ್ರಿ ಬಾಯಾರ," ಎಂದ ಭರಮಪ್ಪ. "ನೀವು ನೆಲದ ಮ್ಯಾಲ ಅಂಬೆಗಾಲಿಟ್ಟು ಇವನ ಜಾಗ ಹುಡುಕ್ರಿ. ಎಲ್ಲಿ ನಿಮಗ ಕಲ್ಲು ಸರಿ ಕೇಳ್ತೈತಿ, ಅಲ್ಲೇ ಇವನ್ನ ಇಡೂದು. ಮೇಳದಾಗ ನಾವು ಹಿಂಗ ಮಾಡ್ತೀವಿ. ನಾನು ಜನ ಕೂಡೂ ಕಡೆ ಕುಂತು ದನಿ ತಗೀತೀನಿ, ಹಿರೇರು ಕಟ್ಟಿ ಮ್ಯಾಲ ಅಡ್ಡಾಡಿ ನನ್ನ ಜಾಗ ಹುಡುಕ್ತಾರ."

ಮಂತ್ರಿಗಳು ಮುಸಿಮುಸಿ ನಕ್ಕರು. ಮಲ್ಲಾಂಬೆ ಪೆಟ್ಟಿಗೆಯನ್ನು ತೂಗುಮಂಚದ ಮೇಲೆ ಇಡಿಸಿ, ಟೇಪು ಹಚ್ಚಿಸಿ, ಸೆರಗು ಸಿಕ್ಕಿಸಿ ಅಂಬೆಗಾಲಿಟ್ಟಳು. ಕಂಬದ ಬಳಿ ಏನೂ ಇಲ್ಲ. ಬಾಗಿಲ ಬಳಿ ಬರೀ ಗದ್ದಲ. ಕಪಾಟಿನ ಎಡಮೂಲೆಗೆ ಬಂದಾಗ ಅಂಗೈಗೆ, ಮೊಣಕಾಲಿಗೆ, ಆಮೇಲೆ ಎದೆಗೆ ಆ ಗುಡುಗುಡು ತಾಗಿತು. ಪೆಟ್ಟಿಗೆಯನ್ನು ಅಲ್ಲಿಡಿಸಿ ಅವಳು ತೂಗುಮಂಚಕ್ಕೆ ಬಂದು ಕೂತಳು. ತಾಯಿ ಕೋಣೆಯೊಳಗೇ ಕೂತು ಬೀಸತೊಡಗಿದಳು.

ಕಲ್ಲಿನ ಕೆಳಗೆ ಇನ್ನೊಂದು ಸದ್ದಿತ್ತು. ಹಾಡಿಗೆ ಹಿಂದಿನಿಂದ ಯಾರೋ ದಪ್ಪಗೆ ಹೂಂಗುಟ್ಟುತ್ತಿದ್ದರು. ಆ ದನಿ ಅವಳಿಗೆ ದಿನವೂ ದರಬಾರಿನಲ್ಲಿ ಕೇಳಿ ಗೊತ್ತಿದ್ದದ್ದು. ತಿರುಗಿ ನೋಡಿದರೆ ವೀರಭೂಪ ಬಾಗಿಲವರೆಗೆ ಹೋಗಿ ನಿಂತಿದ್ದ.

"ಅಪ್ಪಾಜಿ, ಈ ದನಿ ನಿಮ್ಮದು."

"ಹೌದವ್ವ. ಬೀಸೂ ಕಲ್ಲಿನ ಗೂಟ ಆಕಿ ಒಬ್ಬಾಕಿನ ಹಿಡೀತಿದ್ದಿಲ್ಲ, ನಾನೂ ಎದುರಿಗೆ ಕೂಡತಿದ್ದೆ. ನೀ ಏಳೂದ್ರಾಗ ಎದ್ದು ಹೋಗತಿದ್ದೆ. ರಾಜ ಹೆಂಗಸರ ಕೆಲಸಕ್ಕ ಕುಂತಾನಂತ ಜನ ನಗತಾರ, ಯಾರಿಗೂ ಹೇಳಬ್ಯಾಡ ಅಂದಿದ್ದೆ. ಆಕಿ ಸಾಯೂತನಕ ಹೇಳಲಿಲ್ಲ. ಈ ಸದ್ದು ಹೊರಗ ಬರಬಾರದಂತ ತಲಿ ಶರತ್ತು ಹಾಕಿದೆ."

ಮಲ್ಲಾಂಬೆಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ತಾನು ಕಳೆದುಕೊಂಡದ್ದು ತಾಯಿಯೊಬ್ಬಳನ್ನೇ ಅಲ್ಲ ಎಂದು ಆಗ ತಿಳಿಯಿತು. ಸೆರೆಯಲ್ಲಿದ್ದವರನ್ನು ಅಂದೇ ಬಿಡಿಸಿದಳು. ಭರಮಪ್ಪನಿಗೆ ಅರ್ಧ ರಾಜ್ಯ ಸಿಕ್ಕಿತು. ರಾಜಕುಮಾರಿಯನ್ನು ಮಾತ್ರ ಅವನು ಹಕ್ಕಿನಿಂದ ಕೇಳಲಿಲ್ಲ, ನಿಮಗ ಮನಸ್ಸೈತೇನು ಎಂದು ಕೇಳಿದ. ಪೆಟ್ಟಿಗೆ ಬಿಟ್ಟು ತನ್ನ ಮುಖ ನೋಡಿದವನಿಗೆ ಅವಳು ಹೂಂ ಅಂದಳು.

ಮದುವೆಗೆ ಮುಂಚೆ ಅರಿಶಿನ ಬೀಸುವ ಶಾಸ್ತ್ರವಿತ್ತು. ಊರ ಮುತ್ತೈದೆಯರೆಲ್ಲ ನೆರೆದಿದ್ದರು. ಎದುರಿಗೆ ಕೂರಲು ಸೋದರತ್ತೆ ಮುಂದೆ ಬಂದಾಗ ವೀರಭೂಪ ಅವಳನ್ನು ತಡೆದು, ಕಿರೀಟ ತೆಗೆದು ಪಕ್ಕಕ್ಕಿಟ್ಟು, ಎಲ್ಲರ ಕಣ್ಣೆದುರೇ ಮಗಳ ಕೈಯ ಜೊತೆ ಗೂಟ ಹಿಡಿದ. ಮಲ್ಲಾಂಬೆ ತಾಯಿಯ ಹಾಡು ಎತ್ತಿಕೊಂಡಳು. ಅಪ್ಪ ಹಿಂದಿನಿಂದ ದನಿ ಕೂಡಿಸಿದ.