ಹಾಜರಿಯಲ್ಲಿ ಇಲ್ಲದ ಹೆಸರು

ಹೊಳೆದಂಡೆಯ ಮಠದ ಸ್ವಾಮಿಗಳಾದ ಅಜ್ಜನವರು ಅಲ್ಲೇ ಮಕ್ಕಳಿಗೊಂದು ಶಾಲೆ ನಡೆಸುತ್ತಿದ್ದರು. ಅವರು ಊರೂರು ತಿರುಗಲು ಹೋದ ಆರು ತಿಂಗಳು ಶಾಲೆ ನೋಡಿಕೊಂಡವನು ಶಿಷ್ಯ ರೇವಯ್ಯ. ಗುರುವಿಗೇ ತಿರುಮಂತ್ರ ಹಾಕುವಷ್ಟು ಚುರುಕು. ತಾಳ್ಮೆ ಮಾತ್ರ ಎಳ್ಳಷ್ಟೂ ಇಲ್ಲ.

ಅಜ್ಜನವರು ಮರಳಿದ ದಿನ ಕೊನೆಯ ಕಂಬದ ಬಳಿ ಒಬ್ಬಳೇ ಕೂತ ಹುಡುಗಿಯನ್ನು ಕಂಡರು. ಕಡುಗಪ್ಪು ಮೈ, ಗುಂಗುರು ಕೂದಲು. ಉಳಿದವರ ಚಾಪೆಗಳೆಲ್ಲ ದೂರ ಸರಿದಿದ್ದವು.

"ಯಾರಪಾ ಈ ಕೂಸು?"

"ಇಟ್ಟಂಗಿ ಭಟ್ಟಿಗೆ ದುಡ್ಯಾಕ ಬಂದವರ ಮಗಳ್ರೀ. ಯಾವ ದೇಶದವರೋ ಏನೋ. ಕಿವುಡಿ ಅದಾಳ್ರೀ."

"ಯಾರು ಹೇಳಿದ್ರು?"

"ಯಾರ್ ಹೇಳಬೇಕ್ರೀ? ಮೊದಲನೇ ದಿನಾನ 'ಇಲ್ಲಿ ಬಾ' ಅಂದೆ, ಹೊಳ್ಳಿ ನೋಡಲಿಲ್ಲ. 'ಕೂಡು' ಅಂದೆ, ನಿಂತಳು. ಈಗ ಹುಡುಗರೂ ಹಂಗ ಕರೀತಾರ."

ಅಜ್ಜನವರು ಹುಡುಗಿಯ ಬೆನ್ನ ಹಿಂದೆ ಹೋಗಿ, ಕೈಯಲ್ಲಿದ್ದ ತಂಬಿಗೆಯನ್ನು ಕಲ್ಲಿನ ಮೇಲೆ ಠಣ್ಣನೆ ಬೀಳಬಿಟ್ಟರು.

ಹುಡುಗಿ ಬೆಚ್ಚಿ ಹೊರಳಿದಳು. ಎದ್ದು, ತಂಬಿಗೆ ಎತ್ತಿ ಅವರ ಕೈಗಿಟ್ಟಳು.

ರೇವಯ್ಯನ ಮುಖ ಸಣ್ಣದಾಯಿತು.

"ಅಕಿಗೆ ಕಿವಿ ಅದಾವ. ನಿನ್ನ ಮಾತು ತಿಳೀಲಿಲ್ಲ, ಅಷ್ಟ. ಅಕಿ ಹೆಸರೇನು?"

ರೇವಯ್ಯ ಹಾಜರಿ ಪುಸ್ತಕ ತೆಗೆಯಲೇ ಇಲ್ಲ. ಓಗೊಡದವಳನ್ನು ಕೂಗಿ ಏನು ಬಂತು ಎಂದು ಅವಳ ಹೆಸರನ್ನು ಕೇಳಿರಲೂ ಇಲ್ಲ, ಬರೆದಿರಲೂ ಇಲ್ಲ. ಆರು ತಿಂಗಳು, ದಿನಾ ಬೆಳಿಗ್ಗೆ, ಉಳಿದ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಕೈಯೆತ್ತಿ "ಹಾಜರ್ ರೀ" ಎನ್ನುವುದನ್ನು ಅವಳು ನೋಡುತ್ತ ಕೂತಿದ್ದಳು.

"ನಾಳೆ ಕೇಳಿ ಬರಕೋತೀನ್ರೀ. ಮುಂದಿನ ಸಾಲಿನಾಗ ಕೂಡಸ್ತೀನಿ."

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಹಾಳಾದದ್ದು ಅವನ ಮನೆಯಲ್ಲ.

ಮರುದಿನ ಕಂಬದ ಬಳಿ ಯಾರೂ ಇರಲಿಲ್ಲ. ಮಳೆಗಾಲ ಹತ್ತಿರ ಬಂದು ಭಟ್ಟಿಯ ಕೆಲಸ ಮುಗಿದಿತ್ತು; ದುಡಿಯಲು ಬಂದವರು ಹೊಳೆ ದಾಟಿ ಊರಿಗೆ ಹೊರಟಿದ್ದರು. ರೇವಯ್ಯ ಹೊಳೆಗೆ ಓಡಿದ. ಅಜ್ಜನವರೂ ಹಿಂದೆಯೇ ಬಂದರು.

ಹರಿಗೋಲು ಆಗಲೇ ನಡುಹೊಳೆಯಲ್ಲಿತ್ತು. ಗಂಟುಮೂಟೆಗಳ ನಡುವೆ, ತಾಯಿಯ ಪಕ್ಕದಲ್ಲಿ, ಹುಡುಗಿ ಆಚೆ ದಡ ನೋಡುತ್ತ ಕೂತಿದ್ದಳು.

ಕರೆಯಬೇಕೆಂದು ರೇವಯ್ಯ ಬಾಯಿ ತೆರೆದ. ಕರೆಯಲು ಹೆಸರಿರಲಿಲ್ಲ. ಹರಿಗೋಲು ದೂರವಾಗುತ್ತಿತ್ತು. ಕೊನೆಗೆ ತನ್ನಲ್ಲಿ ಇದ್ದದ್ದನ್ನೇ ಕೂಗಿದ.

"ಏ ಕಿವುಡೀ!"

ಹುಡುಗಿ ತಟ್ಟನೆ ಹೊರಳಿದಳು. ಅವಳ ಮುಖ ಅರಳಿತು. ಅಲುಗಾಡುವ ಹರಿಗೋಲಿನಲ್ಲಿ ಎದ್ದು ನಿಂತು, ಕೈಯೆತ್ತಿ, ಗಟ್ಟಿಯಾಗಿ ಕೂಗಿದಳು.

"ಹಾಜರ್ ರೀ!"

ತಾಯಿ ಗಾಬರಿಯಿಂದ ಅವಳನ್ನು ಎಳೆದು ಕೂರಿಸಿದಳು. ಹರಿಗೋಲು ಆಚೆ ದಡ ಸೇರಿತು.

ರೇವಯ್ಯ ಮರಳಿನಲ್ಲಿ ಕುಸಿದು ಅತ್ತ. "ಕನ್ನಡ ಕಲತಿದ್ದಳ್ರೀ ಅಜ್ಜಾರ. ನಮ್ಮ ಸಾಲ್ಯಾಗ ಕಲತಿದ್ದಳು."

"ಹಾಜರ್ ಅನ್ನೋದು ಅಕಿ ತಾನ ಕಲತದ್ದು," ಎಂದರು ಅಜ್ಜನವರು. "ನಾವು ಕಲಿಸಿದ್ದು ಇನ್ನೊಂದು ಶಬ್ದ."