ನೀಲಗಿರಿ ಎಲೆಯ ಬಯಕೆ

ನಂಬಲ್ಲ ಅನ್ನುವವರು ಈಗಲೇ ಎದ್ದು ಹೋಗಿ. ಮರಗಳ ಮಾತನ್ನು ನನ್ನಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಗಂಡಸು ಈ ಹೋಬಳಿಯಲ್ಲೇ ಇನ್ನೊಬ್ಬನಿಲ್ಲ.

ನಮ್ಮ ಹೊಲದ ನೀಲಗಿರಿ ಮರದ ಎಲೆಯೊಂದರ ಮೇಲೆ ಸಾಸಿವೆಗಿಂತ ಸಣ್ಣ ಕಣಜವೊಂದು ಕೂತು, ಚುಚ್ಚಿ, ಮೊಟ್ಟೆಯಿಟ್ಟು ಹೋಯಿತು. ಚುಚ್ಚಿದಲ್ಲಿ ಗಂಟು ಊದಿತು. ಎಲೆ ಬೀಗಿತು.

"ಕೊಂಬೆಯವ್ವಾ, ನಾನು ಬಸುರಿ! ಇನ್ನು ರಸವೆಲ್ಲ ನನಗೇ ಬೇಕು."

"ಅದು ಕಣಜ ಚುಚ್ಚಿದ ಬಾವು ಕಣೇ," ಎಂದಿತು ಕೊಂಬೆ. "ಪಕ್ಕದಲ್ಲಿ ನಿನ್ನ ತಂಗಿ ಚಿಗುರು ಹಸಿದಿದ್ದಾಳೆ."

"ಬಾವು ಒಳಗಿಂದ ಒದೆಯುತ್ತಾ? ಬಯಕೆ ತೀರಿಸದಿದ್ದರೆ ಹುಟ್ಟೋ ಮಗುವಿಗೆ ಕಿವಿ ಸೋರುತ್ತೆ, ನೆನಪಿರಲಿ."

ಹಾಗಂದ ಮೇಲೆ ಕೊಂಬೆ ಹೆದರಿ, ರಸವನ್ನೆಲ್ಲ ಎಲೆಗೇ ಬಡಿಸಿತು.

"ಅಕ್ಕಾ, ಒಂದೇ ತೊಟ್ಟು," ಎಂದು ಚಿಗುರು ಅಂಗಲಾಚಿತು.

"ಮೊದಲು ನನ್ನ ಮಗು ಹುಟ್ಟಲಿ, ಆಮೇಲೆ ನೋಡೋಣ."

ಚಿಗುರು ಕಪ್ಪಾಗಿ ಉದುರಿತು. ಆಮೇಲೆ ಗಂಟನ್ನು ಕೊರೆದುಕೊಂಡು ಮರಿಕಣಜ ಹೊರಬಂತು.

"ಬಾ ಮಗಳೇ, ಒಂದು ಸಲ ಅವ್ವಾ ಅನ್ನು!"

"ಇದೇನಿದು? ನಾನು ತಿಂದು ಬಿಟ್ಟ ಗೋಡೆ ಮಾತಾಡುತ್ತಿದೆಯಲ್ಲ!" ಎಂದು ಅದು ತಿರುಗಿಯೂ ನೋಡದೆ ಹಾರಿಹೋಯಿತು.

ತಂಗಿಯ ಪಾಲನ್ನೂ ಕುಡಿದ ಎಲೆಗೆ ಕೊನೆಗೆ ಸಿಕ್ಕಿದ್ದು ಸೂಜಿ ಹೋಗುವಷ್ಟು ಒಂದು ತೂತು.