ಬಾಗಿಲ ಪಕ್ಕದ ಕರಿಕಲ್ಲು

ಕರಿಕಲ್ಲಿನ ಗಣಿ ಇದ್ದ ಒಂದು ಊರು. ಅಲ್ಲಿ ಇಟ್ಟಿಗೆ ತರಿಸುವುದಕ್ಕಿಂತ ಕಲ್ಲು ಹೊತ್ತು ತರುವುದೇ ಸುಲಭ. ಹಾಗಾಗಿ ಮನೆಯ ಹೊರಗೋಡೆ ಮಾತ್ರವಲ್ಲ, ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯೂ ಕಲ್ಲಿನದೇ. ಮೇಲೆ ಸಿಮೆಂಟು ಬಳಿದು ಸುಣ್ಣ ಹಚ್ಚಿದ್ದರಿಂದ ನೋಡಲು ಮೆತ್ತಗೆ ಕಾಣುತ್ತಿತ್ತು. ಮೊಳೆ ಇಟ್ಟು ಸುತ್ತಿಗೆ ಬೀಸಿದರೆ ಮಾತ್ರ ಮೊಳೆ ಸೊಟ್ಟಗಾಗಿ ಮುಖದ ಮೇಲೇ ಹಾರಿ ಬರುತ್ತಿತ್ತು. ಆ ಊರಿನವರು ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದರು. ಕನ್ನಡಿಯನ್ನು ಬಾಗಿಲ ಚೌಕಟ್ಟಿಗೆ ಸಿಕ್ಕಿಸುತ್ತಿದ್ದರು. ದೇವರ ಪಟಗಳನ್ನು ನೆಲದ ಮೇಲೇ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು.

ಕೊಟ್ರೇಶಿ ಡ್ರಿಲ್ ಮಷೀನು ಹಿಡಿದು ಆ ಊರಿಗೆ ಬಂದ ಮೇಲೆ ದೇವರುಗಳು ನೆಲ ಬಿಟ್ಟು ಮೇಲೆ ಹೋದರು.

ಆಳು ದಪ್ಪ. ಕಲ್ಲು ಗಟ್ಟಿ ಅನ್ನಿಸಿತೋ, ಮಷೀನಿನ ಹಿಂಬದಿಗೆ ಹೊಟ್ಟೆ ಕೊಟ್ಟು ಇಡೀ ಮೈಭಾರ ಹಾಕಿ ಒತ್ತುತ್ತಿದ್ದ. ಅವನಿಗೆ ಕೆಲಸ ಹೇಳಿಕೊಟ್ಟ ಉಸ್ತಾದ ಹಾಗೆ ಕಲಿಸಿರಲಿಲ್ಲ. "ಕೊರೆಯೋ ಬಿಟ್ಟು ಮೊದಲು ಸಣ್ಣದು ಹಾಕು, ಆಮೇಲೆ ದೊಡ್ಡದು. ಒತ್ತಬ್ಯಾಡ, ತಿನ್ನೋವಷ್ಟು ತಿನ್ನಲಿ. ಬಿಸಿಯಾದರೆ ಹೊರಗೆ ತಗಿ, ಪುಡಿ ಊದು, ಆರಲಿ, ಮತ್ತೆ ಹಾಕು" ಅಂದಿದ್ದ. ಹಾಗೆ ಮಾಡಿದರೆ ಒಂದೊಂದು ತೂತಿಗೂ ಹೊತ್ತು ಹಿಡಿಯುತ್ತದೆ. ನೋಡುವವರಿಗೆ ಕೆಲಸ ಬಾರದವನ ಹಾಗೆ ಕಾಣುತ್ತದೆ. ಅದೇ ಹೊಟ್ಟೆ ಕೊಟ್ಟು ಒತ್ತಿದರೆ ಓಣಿಯೆಲ್ಲ ನಡುಗಿ, ಜನ ಹೊರಗೆ ಬಂದು ನಿಂತು, "ಕೊಟ್ರೇಶಿ ಬಂದ ಅಂದ್ರೆ ಚಾ ಆರೋದ್ರೊಳಗೆ ಕೆಲಸ ಮುಗೀತು" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಅವನಿಗೆ ಊಟವೂ ಬೇಡವಾಗುತ್ತಿತ್ತು.

ಒಮ್ಮೊಮ್ಮೆ ಎಷ್ಟು ಒತ್ತಿದರೂ ತೂತು ಅರ್ಧಕ್ಕೇ ನಿಲ್ಲುತ್ತಿತ್ತು. ಆಗ ಅವನು ಸ್ಕ್ರೂವನ್ನೇ ಅರ್ಧಕ್ಕೆ ಕತ್ತರಿಸಿ ಕೂರಿಸಿ, ಸುತ್ತ ಬಿಳಿ ಸಿಮೆಂಟು ಮೆತ್ತಿ ಕೈ ತೊಳೆದುಕೊಳ್ಳುತ್ತಿದ್ದ. ಪಟದ ಭಾರ ಎಷ್ಟು ಮಹಾ? ನಿಲ್ಲುತ್ತಿತ್ತು. ಅವನ ಹೆಸರೂ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಹಂಪಮ್ಮ ಅನ್ನುವ ಮುದುಕಿ ಅವನನ್ನು ಕರೆಸಿದಳು. ಅವಳ ಸೊಸೆ ಸಾವಂತ್ರಿ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವವಳು. ಅಲ್ಲಿನ ಜಾರು ನೆಲದಲ್ಲಿ ಬಿದ್ದು ತೊಡೆಯ ಎಲುಬು ಮುರಿದು, ಒಳಗೆ ರಾಡು ಹಾಕಿಸಿಕೊಂಡು ಬಂದಿದ್ದಳು. ಡಾಕ್ಟರು ಹೇಳಿದ್ದು ಎರಡೇ ಮಾತು. ಏನಾದರೂ ಹಿಡಿದುಕೊಂಡು ದಿನಾ ನಡಿ, ಇಲ್ಲದಿದ್ದರೆ ಕಾಲು ಮರಗಟ್ಟುತ್ತದೆ. ಇನ್ನೊಂದು ಸಲ ಬಿದ್ದರೆ ಆ ಕಾಲು ನನ್ನ ಕೈಯಲ್ಲಿಲ್ಲ. ಅದಕ್ಕೇ ಮಂಚದಿಂದ ಬಾಗಿಲವರೆಗೆ ಗೋಡೆಗುಂಟ ಒಂದು ಸ್ಟೀಲ್ ಸರಳು ಕೂರಿಸಬೇಕಾಗಿತ್ತು. ಸರಳನ್ನು ಗೋಡೆಗೆ ಹಿಡಿಯುವ ಕಾಲುಗಳು ಮೂರು. ಒಂದು ಮಂಚದ ಬಳಿ, ಒಂದು ನಡುವೆ, ಒಂದು ಬಾಗಿಲ ಪಕ್ಕ.

ಕೊಟ್ರೇಶಿ ಮಷೀನು ಚಾಲೂ ಮಾಡಿದ. ಅಟ್ಟದ ಮೇಲಿನ ಪಾತ್ರೆಗಳೆಲ್ಲ ಗಲಗಲ ಅಂದವು.

"ಮೆಲ್ಲಗೆ ಮಾಡಪ, ಮಾಳಿಗೆ ನನ್ನ ತಲಿ ಮ್ಯಾಲೆ ಬಿದ್ದೀತು" ಅಂದಳು ಹಂಪಮ್ಮ.

"ಬೀಳಲ್ಲ ಬಿಡಬೇ ಯವ್ವಾ. ಬಿದ್ರೆ ಅದಕ್ಕೂ ನಾಕು ಸ್ಕ್ರೂ ಹಾಕಿ ಕೂರಿಸ್ತೀನಿ."

ಮಂಚದ ಬಳಿಯ ತೂತುಗಳು ಸಲೀಸಾಗಿ ಹೋದವು. ನಡುವಿನವೂ ಹೋದವು. ಅಲ್ಲಿ ಎರಡು ಕಲ್ಲು ಕೂಡುವ ಸಂದು, ಒಳಗೆ ಬರೀ ಗಾರೆ. ಬಾಗಿಲ ಪಕ್ಕದಲ್ಲಿ ಮಾತ್ರ ಒಂದೇ ಅಖಂಡ ಕರಿಕಲ್ಲು. ಮಷೀನಿನ ಬಿಟ್ಟು ಬೆರಳಿನ ಒಂದು ಗೆಣ್ಣಿನಷ್ಟು ಹೋಗಿ ನಿಂತಿತು. ಕೊಟ್ರೇಶಿ ಹೊಟ್ಟೆ ಕೊಟ್ಟ. ಮಷೀನು ಅರಚಿತು, ಬಿಟ್ಟಿನ ತುದಿ ಕೆಂಪಗಾಯಿತು, ಸುಟ್ಟ ವಾಸನೆ ಮನೆ ತುಂಬಿತು. ಕಲ್ಲು ಒಳಗೆಲ್ಲೋ ಟಕ್ ಅಂದಿತು. ಆದರೂ ತೂತು ಮುಂದೆ ಹೋಗಲಿಲ್ಲ.

ಒಲೆಯ ಮೇಲೆ ಚಾ ಕುದಿಯುತ್ತಿತ್ತು. ಕೊಟ್ರೇಶಿ ಗೋಡೆಯ ಕಡೆ ತಿರುಗಿ ನಿಂತು ಸ್ಕ್ರೂಗಳನ್ನು ಕತ್ತರಿಸಿದ. ಕೂರಿಸಿದ. ಬಿಳಿ ಸಿಮೆಂಟು ಮೆತ್ತಿದ. ಲೋಟ ಅವನ ಕೈಗೆ ಬರುವ ಹೊತ್ತಿಗೆ ಸರಳು ಗೋಡೆಯ ಮೇಲೆ ಮಿರಮಿರ ಮಿಂಚುತ್ತಿತ್ತು.

ಮಂಚದ ಮೇಲಿಂದಲೇ ಸಾವಂತ್ರಿ ಕೇಳಿದಳು. "ಅಣ್ಣಾ, ಗಟ್ಟಿ ಐತಲ್ಲ? ನಾನು ಬರೀ ಕೈ ಇಡಾಕಿ ಅಲ್ಲ, ಮೈಯೇ ಹಾಕಾಕಿ."

"ಆನಿ ಕಟ್ಟು ತಂಗಿ" ಅಂದ ಕೊಟ್ರೇಶಿ. ಅಂದವನು ನಡುವಿನ ಕಾಲಿನ ಹತ್ತಿರ ಎರಡೂ ಕೈಯಲ್ಲಿ ಸರಳು ಹಿಡಿದು ಜೋತುಬಿದ್ದೂ ತೋರಿಸಿದ. ಸರಳು ಅಲ್ಲಾಡಲಿಲ್ಲ. ಎಲ್ಲಿ ಜೋತುಬೀಳಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟು ದೊಡ್ಡ ಆಳು ಜೋತುಬಿದ್ದದ್ದು ನೋಡಿ ಸಾವಂತ್ರಿಗೆ ಧೈರ್ಯ ಬಂತು. ನಾಳೆಯಿಂದ ನಡೆಯೋಣ ಅಂದುಕೊಂಡಿದ್ದವಳು ಆಗಲೇ ಎದ್ದಳು. ಕೊಟ್ರೇಶಿ ಇನ್ನೂ ಚೀಲ ಕಟ್ಟುತ್ತಿದ್ದ. ಅವಳು ಸರಳು ಹಿಡಿದು ಒಂದು ಹೆಜ್ಜೆ ಇಟ್ಟಳು. ಕಾಲು ನಡುಗಿತು. ಭಾರವನ್ನೆಲ್ಲ ಕೈಗೆ ತಂದುಕೊಂಡು ಇನ್ನೊಂದು ಇಟ್ಟಳು. ಹಣೆಯಲ್ಲಿ ಬೆವರು, ಮುಖದಲ್ಲಿ ನಗು. "ಅತ್ತೀ, ನೋಡ್ರಿ!" ಅಂದಳು. ನಡುವಿನ ಕಾಲು ದಾಟಿದಳು. ಕೊಟ್ರೇಶಿಯ ಕೈ ಚೀಲದ ದಾರದ ಮೇಲೇ ನಿಂತಿತು. ಎರಡು ಹೆಜ್ಜೆ ಮುಂದಕ್ಕೆ ಆ ಅರ್ಧ ಸ್ಕ್ರೂಗಳು. ಸುಮ್ಮನಿದ್ದರೆ ನಿಂತರೂ ನಿಂತೀತು ಅಂದುಕೊಂಡ. ಅವಳು ಕೈ ಚಾಚಿದಳು.

"ಅಲ್ಲಿ ಹಿಡೀಬ್ಯಾಡ!"

ಅವನ ಬಾಯಿ ಅವನನ್ನು ಕೇಳದೆಯೇ ಕೂಗಿತ್ತು. ಸಾವಂತ್ರಿ ನಿಂತಲ್ಲೇ ಗಟ್ಟಿಯಾಗಿ ಹಿಡಿದುಕೊಂಡಳು.

"ಯಾಕ? ಅಲ್ಲಿ ಏನೈತಿ?" ಅಂದಳು ಹಂಪಮ್ಮ.

"ಅಲ್ಲಿ ಏನೂ ಇಲ್ಲಬೇ. ಅದಕ್ಕೇ."

ಕೊಟ್ರೇಶಿ ಹೋಗಿ ಆ ಕೊನೆಯನ್ನು ಒಂದು ಸಲ ಜಗ್ಗಿದ. ಹಸಿ ಸಿಮೆಂಟಿನ ಸಮೇತ ಸ್ಕ್ರೂಗಳು ಕೈಗೆ ಬಂದವು. ಮೊಂಡ, ಕುಳ್ಳ ಸ್ಕ್ರೂಗಳು.

ಹಂಪಮ್ಮ ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಆನಿ ಕಟ್ಟು ಅಂದಿದ್ದೆಲ್ಲಪ? ನನ್ನ ಸೊಸಿಗಿಂತ ಆನಿ ಹಗುರೇನು?"

ಕೊಟ್ರೇಶಿ ಸಾವಂತ್ರಿಯನ್ನು ಮಂಚಕ್ಕೆ ಕೂರಿಸಿ, ಕಟ್ಟಿದ ಚೀಲ ಬಿಚ್ಚಿದ. ಹೊಸದೊಂದು ಸಣ್ಣ ಬಿಟ್ಟು ತೆಗೆದು ಸಿಕ್ಕಿಸಿದ. ಮೊದಲು ಅದೇ ಕರಿಕಲ್ಲನ್ನು ಮತ್ತೆ ನೋಡಿದ. ಮೊದಲ ಸಲ ಹೊಟ್ಟೆ ಕೊಟ್ಟು ಒತ್ತಿದಾಗ ಟಕ್ ಅಂದದ್ದು ಕಲ್ಲು ಸೀಳಿದ ಸದ್ದು. ತೂತಿನಿಂದ ಬಾಗಿಲವರೆಗೆ ಕೂದಲೆಳೆಯಂಥ ಬಿರುಕು ಓಡಿತ್ತು. ಇನ್ನು ಅಲ್ಲಿ ಯಾವ ಸ್ಕ್ರೂವೂ ಕೂರುವ ಹಾಗಿರಲಿಲ್ಲ. ಅದನ್ನು ಕೈಬಿಟ್ಟು, ಮಂಚದ ಕಡೆಗಿನ ಪಕ್ಕದ ಕಲ್ಲಿಗೆ ಬಂದ. ಅದೂ ಅಷ್ಟೇ ಗಟ್ಟಿ.

ಈ ಸಲ ಒತ್ತಲಿಲ್ಲ. ಮಷೀನು ಎರಡು ಉಸಿರಿನಷ್ಟು ಹೊತ್ತು ತಿರುಗುವುದು, ನಿಲ್ಲುವುದು. ಬಿಟ್ಟು ಹೊರಗೆ ತೆಗೆಯುವುದು, ಪುಡಿ ಊದುವುದು, ಆರುವವರೆಗೆ ಕಾಯುವುದು. ಓಣಿಯವರು ಬಾಗಿಲಲ್ಲಿ ಇಣುಕಿದರು.

"ಏನೋ ಕೊಟ್ರೇಶಿ, ಮಷೀನಿಗೆ ಜ್ವರ ಬಂದಾವೇನು?"

"ಚಾ ಆರಿ ಮಜ್ಜಿಗಿ ಆತಲ್ಲೋ!"

ಅವನು ತಿರುಗಿ ನೋಡಲಿಲ್ಲ. ನಗುವವರು ನಕ್ಕು ಊಟಕ್ಕೆ ಹೋದರು. ಅಂಗಳದ ಬಿಸಿಲು ಎದುರುಗೋಡೆ ಹತ್ತುವ ಹೊತ್ತಿಗೆ ತೂತುಗಳು ಪೂರ್ತಿ ಆದವು. ಇಡೀ ಸ್ಕ್ರೂಗಳು, ತಲೆಯವರೆಗೆ, ಒಳಗೆ ಹೋದವು. ಹೆಚ್ಚಾದ ಸರಳನ್ನು ಕತ್ತರಿಸಿ ತೆಗೆದು, ಆ ಕೊನೆಗೇ ಜೋತುಬಿದ್ದ. ಕಾಲು ನೆಲದಿಂದ ಎತ್ತಿ ಜೋತುಬಿದ್ದ.

ಆಮೇಲೆ ಸಾವಂತ್ರಿಗೆ ಹೇಳಿದ. "ತಂಗಿ, ಇಲ್ಲೀಮಟ ಕಣ್ಣು ಮುಚ್ಚಿಕೊಂಡು ಭಾರ ಹಾಕು. ಇಲ್ಲಿಂದ ಬಾಗಿಲಿಗೆ ಒಂದು ಹೆಜ್ಜಿ ಉಳೀತು. ಅಲ್ಲಿ ಹಿಡಿಯಾಕ ಏನೂ ಇಲ್ಲ. ಆ ಕಲ್ಲು ನಾನೇ ಸೀಳಿದೆ."

ಸಾವಂತ್ರಿ ಎದ್ದಳು. ಒಂದೊಂದೇ ಹೆಜ್ಜೆ ಇಟ್ಟು ಸರಳಿನ ಕೊನೆಗೆ ಬಂದು ನಿಂತಳು. ಬಾಗಿಲು ಕೈಯಳತೆಗಿಂತ ತುಸು ಆಚೆ ಇತ್ತು. ಹಂಪಮ್ಮ ಓಡಿಬಂದು ತೋಳು ಚಾಚಿದಳು.

"ಬ್ಯಾಡ್ರಿ ಅತ್ತಿ" ಅಂದಳು ಸಾವಂತ್ರಿ. "ಸರಳು ಎಲ್ಲಿಗೆ ಮುಗೀತೈತಿ ಅಂತ ಗೊತ್ತಾತಲ್ಲ. ಇನ್ನು ಆ ಒಂದು ಹೆಜ್ಜಿ ನಂದು."

ಸ್ವಲ್ಪ ಹೊತ್ತು ನಿಂತು ಉಸಿರು ತಂದುಕೊಂಡಳು. ಸರಳು ಬಿಟ್ಟಳು. ಆ ಹೆಜ್ಜೆ ಇಟ್ಟು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ನೀತಿ: ನಮ್ಮ ಕೆಲಸವನ್ನು ನಂಬಿ ಒಬ್ಬರು ತಮ್ಮ ಭಾರ ಹಾಕುತ್ತಾರೆ. ಅದು ಎಲ್ಲಿಯವರೆಗೆ ತಡೆಯುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದರೆ, ಉಳಿದದ್ದನ್ನು ಅವರು ಎಚ್ಚರದಿಂದ ದಾಟಿಕೊಳ್ಳುತ್ತಾರೆ. ಹುಳುಕಿನ ಮೇಲೆ ಬಿಳಿ ಬಳಿದು ಸುಮ್ಮನಾದರೆ ಅವರು ಬೀಳುವುದು ಅಲ್ಲೇ. ಉದ್ದಕ್ಕೂ ಮಿಂಚುವ ಸುಳ್ಳು ಆಸರೆಗಿಂತ ಒಂದು ಹೆಜ್ಜೆ ಮೊಟಕಾದ ನಿಜದ ಆಸರೆ ಮೇಲು.